ತನುಶ್ರೀ ಏರಿಸಿದ ಬಾಡಿಗೆ

"ಮಿಸ್, ಮುಂದಿನ ತಿಂಗಳಿಂದ ನಿಮ್ಮ ಬಾಡಿಗೆ ಹದಿನೈದು ಸಾವಿರ!"

ಒಂದೇ ಉಸಿರಿಗೆ ಹೇಳಿ ತನುಶ್ರೀ ಹಾಲಿನ ಚೊಂಬನ್ನು ಹೊಸ್ತಿಲ ಮೇಲಿಟ್ಟಳು.

ತಲೆ ಬಾಚುತ್ತಿದ್ದ ಶೈಲಜಾ ಮಿಸ್ ಕೈ ಅಲ್ಲೇ ನಿಂತಿತು. ತನುಶ್ರೀ ಮನೆಯ ಮುಂದಿನ ರೂಮಿಗೆ ಅವರು ಬಾಡಿಗೆಗೆ ಬಂದು ನಾಲ್ಕು ವರ್ಷವಾಗಿತ್ತು. ಬಾಡಿಗೆ ತಿಂಗಳಿಗೆ ಎರಡು ಸಾವಿರ.

"ಯಾರು ಹೇಳಿದ್ದು? ನಿಮ್ಮ ತಾತನಾ?"

ತನುಶ್ರೀ ಚೊಂಬಿನ ಕಡೆ ನೋಡಿದಳು. "ಹೂಂ ಮಿಸ್" ಅಂದುಬಿಟ್ಟಳು.

ತಾತ ಏನೂ ಹೇಳಿರಲಿಲ್ಲ. ತಾತನಿಗೆ ವಿಷಯವೇ ಗೊತ್ತಿರಲಿಲ್ಲ.

ಹಿಂದಿನ ದಿನ ಬಿಸಿಯೂಟದ ತಟ್ಟೆ ತೊಳೆಯುವಾಗ, ಮೋಹನ್‌ಬಾಬು ಮೇಷ್ಟ್ರು ಮಿಸ್‌ಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು.

"ಬೆಂಗಳೂರಿಗೆ ಟ್ರಾನ್ಸ್‌ಫರ್ ಹಾಕಿ ಮೇಡಮ್. ಅಲ್ಲಿ ಬಾಡಿಗೆ ಜಾಸ್ತಿ ಅಂತ ಸರ್ಕಾರ ಸಂಬಳದ ಜೊತೆ ಬಾಡಿಗೆ ದುಡ್ಡೂ ಜಾಸ್ತಿ ಕೊಡುತ್ತೆ. ನಮ್ಮ ಸಾದಲಿಯಲ್ಲಿ ಬಾಡಿಗೆನೂ ಕಡಿಮೆ, ಕೊಡೋದೂ ಕಡಿಮೆ."

ಮಿಸ್ ಹೋಗಿಬಿಡುತ್ತಾರೆ! ಹಿಪ್ಪುನೇರಳೆ ಎಲೆ ಹರಿದು ಹರಿದು ಭಿನ್ನರಾಶಿ ಕಲಿಸಿದ ಮಿಸ್!

ಆ ರಾತ್ರಿ ಅನ್ನ ಕಲೆಸುತ್ತಾ ತನುಶ್ರೀ ಯೋಚಿಸಿದಳು. ಬಾಡಿಗೆ ಜಾಸ್ತಿ ಇದ್ದರೆ ಸರ್ಕಾರ ಜಾಸ್ತಿ ಕೊಡುತ್ತದೆ. ಹಾಗಾದರೆ ಇಲ್ಲೇ ಬಾಡಿಗೆ ಜಾಸ್ತಿ ಮಾಡಿದರೆ? ಲೆಕ್ಕ ಸರಿಯಾಗಿಯೇ ಇತ್ತು.

ಸಂಜೆ ಸ್ಕೂಲಿಂದ ಬಂದ ಮಿಸ್ ರೂಮಿಗೆ ಹೋಗಲಿಲ್ಲ. ನೇರವಾಗಿ ಹಿತ್ತಲಿನ ಹುಳದ ಮನೆಯ ಹತ್ತಿರ ಬಂದು ಹೊಸ್ತಿಲಾಚೆ ನಿಂತರು. ರೇಷ್ಮೆ ಹುಳ ಇರುವಾಗ ಹೊರಗಿನವರು ಒಳಗೆ ಬರುವ ಹಾಗಿಲ್ಲ. ಪೌಡರ್, ಸೆಂಟು, ಸೊಳ್ಳೆಬತ್ತಿ ಯಾವುದರ ವಾಸನೆಯೂ ಹುಳಕ್ಕೆ ಆಗದು. ಮಿಸ್ ಎಷ್ಟು ಸೊಳ್ಳೆ ಕಚ್ಚಿದರೂ ಬತ್ತಿ ಹಚ್ಚುತ್ತಿರಲಿಲ್ಲ. ಮಗಳು ಯಾಮಿನಿ ಕೊಟ್ಟ ಪೌಡರ್ ಡಬ್ಬಿಯನ್ನೂ ಶನಿವಾರ ಬೆಂಗಳೂರಿನ ಬಸ್ಸು ಹತ್ತಿದ ಮೇಲೆಯೇ ತೆಗೆಯುತ್ತಿದ್ದರು.

"ಲಕ್ಷ್ಮಯ್ಯನೋರೇ, ರೂಮು ಖಾಲಿ ಮಾಡಿಸಬೇಕಿತ್ತು ಅಂದ್ರೆ ನನ್ನ ಹತ್ರನೇ ಹೇಳಬಹುದಿತ್ತು. ಮಗು ಕೈಲಿ ಹೇಳಿಸಿದ್ರಿ."

ತಾತ ಸೊಪ್ಪಿನ ಬುಟ್ಟಿ ಇಳಿಸಿದರು. "ಏನ್ ಹೇಳಿಸ್ದೆ ಮೇಡಮ್?"

"ಹದಿನೈದು ಸಾವಿರ ಬಾಡಿಗೆ ಅಂತ."

"ಅಯ್ಯೋ ದೇವುಡಾ!" ಒಳಗಿಂದ ಅಜ್ಜಿ ರಾಮಲಕ್ಷ್ಮಮ್ಮ ಕೂಗಿದರು. "ಆ ರೂಮಿಗಾ? ಗೋಡೆ ನೆಟ್ಟಗೆ ನಿಂತಿರೋದೇ ಹೆಚ್ಚು!"

ಮೂವರೂ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ತನುಶ್ರೀಯ ಕಡೆ ತಿರುಗಿದರು. ಅವಳಿಗೆ ಅಳು ಬಂತು.

"ನಾನೇ ಸುಳ್ಳು ಹೇಳಿದ್ದು ಮಿಸ್. ಬಾಡಿಗೆ ಜಾಸ್ತಿ ಆದ್ರೆ ಸರ್ಕಾರ ದುಡ್ಡು ಜಾಸ್ತಿ ಕೊಡುತ್ತಲ್ಲ... ಆಗ ನೀವು ಹೋಗೋದೇ ಬೇಡ."

"ನೋಡಪ್ಪಾ! ಸರ್ಕಾರಕ್ಕೇ ಟೋಪಿ ಹಾಕಕ್ಕೆ ಹೊರಟವ್ಳೆ!" ತಾತ ನಕ್ಕರು.

"ನಿಮ್ಮ ಮೊಮ್ಮಗಳಲ್ವಾ? ಗೂಡಿನ ಮಾರ್ಕೆಟ್ಟಲ್ಲಿ ನೀವು ರೇಟ್ ಏರಿಸೋದನ್ನ ನೋಡೇ ಕಲ್ತಿರೋದು" ಅಂದರು ಅಜ್ಜಿ.

ಮಿಸ್‌ಗೂ ನಗು ಬಂತು. ಜಗಲಿಯ ಮೇಲೆ ಕೂತು ತನುಶ್ರೀಯನ್ನು ಹತ್ತಿರ ಕರೆದರು.

"ಅದು ಮನೆ ನೋಡಿ ಕೊಡೋದಲ್ಲಮ್ಮ, ಊರು ನೋಡಿ ಕೊಡೋದು. ಅಲ್ಲಿ ಜಾಸ್ತಿ ಬಂದಿದ್ದೆಲ್ಲ ಮನೆ ಓನರ್ ಕೈಗೇ ಹೋಗುತ್ತೆ. ಉಳಿಯೋದು ಏನೂ ಇಲ್ಲ."

"ಮತ್ತೆ ಯಾಕೆ ಹೋಗ್ತೀರಾ?"

ಮಿಸ್ ಅವಳ ಕೆನ್ನೆಯ ಕಣ್ಣೀರು ಒರೆಸಿದರು.

"ಯಾಮಿನಿಗೆ ಕಿವಿಗೆ ಮಿಷನ್ ಹಾಕಿದೆಯಲ್ಲ, ಮಾತು ಕಲಿಸೋ ಸ್ಕೂಲು ಅಲ್ಲಿರೋದು. ಅದಕ್ಕೇ ನಮ್ಮಕ್ಕನ ಮನೇಲಿ ಬಿಟ್ಟಿದ್ದೀನಿ. ಆ ದುಡ್ಡು ಬಂದ್ರೆ ನಾವಿಬ್ರೂ ಒಂದು ಸಣ್ಣ ಮನೆ ಮಾಡಬಹುದು. ಈಗ ವಾರಕ್ಕೆ ಒಂದೇ ದಿನ ಅವಳ ಜೊತೆ ಇರ್ತೀನಿ."

ತನುಶ್ರೀ ಬೆರಳು ಮಡಿಸಿದಳು. ತನಗೆ ಆರು ದಿನ. ಯಾಮಿನಿಗೆ ಒಂದು.

ಶನಿವಾರ ಮಧ್ಯಾಹ್ನ ಮಿಸ್ ಗಡಿಬಿಡಿಯಲ್ಲಿ ಹೊರಟರು. ಟ್ರಾನ್ಸ್‌ಫರ್ ಅರ್ಜಿಯನ್ನು ದಾರಿಯಲ್ಲಿ ಶಿಡ್ಲಘಟ್ಟದ ಆಫೀಸಿಗೆ ಕೊಟ್ಟು ಹೋಗಬೇಕಿತ್ತು. ಅವರು ರಸ್ತೆ ತಿರುಗಿದ ಮೇಲೆ ತನುಶ್ರೀಗೆ ರೂಮಿನ ಕಿಟಕಿಯಲ್ಲಿ ಪೌಡರ್ ಡಬ್ಬಿ ಕಾಣಿಸಿತು.

ಬಸ್ಸಿನ ಹಾರನ್ ಕೇಳಿತು. ತನುಶ್ರೀ ಡಬ್ಬಿ ಹಿಡಿದು ಓಡಿದಳು.

"ಮಿಸ್! ಡಬ್ಬಿ!"

ಮಿಸ್ ಬಸ್ಸಿನ ಕಿಟಕಿಯಿಂದ ಕೈ ಚಾಚಿ ಡಬ್ಬಿ ತೆಗೆದುಕೊಂಡರು. "ಅಯ್ಯೋ, ಇದಿಲ್ದೆ ಹೋದ್ರೆ ಯಾಮಿನಿ ನನ್ನ ಕೆನ್ನೆ ಮೂಸಿ ಮೂಸಿ ಪೌಡರ್ ಎಲ್ಲಿ ಅಂತ ಕೇಳ್ತಾಳೆ ಕಣೇ."

ಬಸ್ಸು ಹೊರಟಿತು. ತನುಶ್ರೀ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದಳು.

"ಮಿಸ್, ಅರ್ಜಿ ಇಟ್ಕೊಂಡಿದ್ದೀರಾ?"

ಮಿಸ್ ಬ್ಯಾಗನ್ನು ತಟ್ಟಿ ತೋರಿಸಿದರು. ಏನೋ ಹೇಳಿದರು. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ.

ತನುಶ್ರೀ ವಾಪಸ್ ಬಂದಾಗ ತಾತ ಹುಳದ ಮನೆಯಿಂದ ಕರೆದರು. "ಬಾರಮ್ಮ ತನು, ಸೊಪ್ಪು ಹಾಕಣ."

ಓಡುವಾಗ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಅವಳ ಅಂಗೈ ತುಂಬ ಪೌಡರ್. ನಲ್ಲಿಯಲ್ಲಿ ಎರಡು ಸಲ ತೊಳೆದು ಮೂಸಿ ನೋಡಿದಳು. ಘಮ ಹೋಗಿರಲಿಲ್ಲ.

"ಇವತ್ತು ಬೇಡ ತಾತ. ಕೈಯಲ್ಲಿ ಪೌಡರ್ ವಾಸನೆ ಇದೆ."

ಅವಳು ಹೊಸ್ತಿಲಾಚೆಯೇ ನಿಂತಳು. ಮಿಸ್ ನಾಲ್ಕು ವರ್ಷ ನಿಂತ ಜಾಗ ಅದು. ಅಲ್ಲಿಂದ ಒಳಗಿನದು ಅರ್ಧ ಮಾತ್ರ ಕಾಣುತ್ತಿತ್ತು.