ಸಾಲಿನ ಆ ತುದಿ

"ಏ ತಾತ, ನೀನು ಹುಲ್ಲು ಕೀಳ್ತಿದ್ದೀಯೋ, ಅದರ ತಲೆ ಬಾಚ್ತಿದ್ದೀಯೋ?" ಸುನ್ನಿವಾ ಕೂಗಿದಳು.

ಸಾಲಿನ ಆ ತುದಿಯಲ್ಲಿ ಮಂಡಿಯೂರಿದ್ದ ನೆರೆಮನೆಯ ಟೋರ್ಮೋದ್ ತಾತ ನಕ್ಕ. "ಬೇರು ತುಂಡಾಗಬಾರದು ಮಗಾ. ಒಂದು ಚೂರು ಉಳಿದ್ರೂ ಮತ್ತೆ ಚಿಗುರುತ್ತೆ."

ಅವನ ಕಣ್ಣು ಮಂಜು. ಮುಳ್ಳುಗುದ್ದಲಿಯಿಂದ ಮಣ್ಣು ಸಡಿಲಿಸಿ, ಬಿಳಿ ದಾರದಂಥ ಬೇರನ್ನು ಬೆರಳಲ್ಲೇ ತಡಕಿ ತಡಕಿ ಎಳೆಯುತ್ತಿದ್ದ.

ಹೆರ್ಬೋರ್ಗ್ ಅತ್ತೆಯ ಎಳೆಯ ಸೇಬಿನ ಗಿಡಗಳಿಗೆ ಗರಿಕೆಯಂಥ ಹುಲ್ಲು ಮುತ್ತಿತ್ತು. ಇಂಥ ಕೆಲಸಕ್ಕೆ ನಮ್ಮ ಕಡೆ ಕೂಲಿ ಇಲ್ಲ. ನೆರೆಯವರೆಲ್ಲ ಬಂದು ಕೈಹಾಕುತ್ತಾರೆ, ಆಮೇಲೆ ಬಿಸಿ ವಾಫಲ್ ತಿನ್ನುತ್ತಾರೆ. ಒಂದು ಸಾಲಿಗೆ ಇಬ್ಬರು, ಈ ತುದಿಯಿಂದ ಒಬ್ಬರು, ಆ ತುದಿಯಿಂದ ಒಬ್ಬರು.

ಕೆಳಗೆ, ಬೆಟ್ಟಗಳ ನಡುವೆ ಚಾಚಿದ ಕಡಲಿನ ಫ್ಯೋರ್ಡ್‌ನಲ್ಲಿ ಗೆಳತಿಯರು ಆಗಲೇ ಈಜುತ್ತಿದ್ದರು. ಸುನ್ನಿವಾ ಸನಿಕೆ ತಂದು ಬೇರುಗಳನ್ನು ಕಚಕಚ ಕೊಚ್ಚಿದಳು. ಮೇಲೆ ಮಣ್ಣು ಎಳೆದಳು. ಸಾಲಿನ ಮುಕ್ಕಾಲು ಪಾಲು ಅವಳದೇ ಆಯಿತು.

"ಟರ್ಬೋ ಹುಡುಗಿ!" ಎಂದರು ಎಲ್ಲರೂ.

ಬೇಸಿಗೆ ಮುಗಿಯುವ ಮೊದಲೇ, ಈ ತುದಿಯಿಂದ ನೋಡಿದರೆ, ಆ ಸಾಲು ಹುಲ್ಲಿನ ಹಸಿರು ಕಂಬಳಿ ಹೊದ್ದಿತ್ತು. ಸಸಿಗಳ ಎಲೆ ಹಳದಿಗೆ ತಿರುಗಿತ್ತು.

"ಪಾಪ, ತಾತಂಗೆ ಕಣ್ಣು ಕಾಣಲ್ಲ," ಎಂದಳು ಅತ್ತೆ. "ಇನ್ಮೇಲೆ ಬರೋದು ಬೇಡ, ಮನೇಲಿ ಆರಾಮಾಗಿರು ಅಂತ ಹೇಳಿಬಿಟ್ಟೆ."

ಸುನ್ನಿವಾ ಅತ್ತೆಯ ಮುಂದೆ ಬಂದಳು. "ಅತ್ತೆ, ಅದು ತಾತ ಅಲ್ಲ. ನಾನು... ನಾನು ಕೊಚ್ಚಿದ್ದೆ."

ಅತ್ತೆ ಬೈಯಲಿಲ್ಲ. ತಾತನ ಮನೆ ಕಡೆ ಕೈ ತೋರಿಸಿದಳು. "ಹೋಗು, ಅವನಿಗೇ ಹೇಳು."

ತಾತ ಅಡುಗೆಮನೆಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದ. ಅವಳ ಮಾತು ಮುಗಿಯುವ ಮೊದಲೇ ಅದನ್ನು ಆರಿಸಿದ.

"ನೀನಾ?" ಬೆರಳುಗಳನ್ನು ಮೆಲ್ಲಗೆ ಉಜ್ಜಿಕೊಂಡ. "ನಾನೇ ಬೇರು ಬಿಟ್ಟಿರಬೇಕು ಅಂದ್ಕೊಂಡೆ. ಕಣ್ಣು ಹೋದ್ರೇನು, ಕೈ ಇದೆಯಲ್ಲ ಅಂತಿದ್ದೆ. ಕೈನೂ ಹೋಯ್ತು ಅಂದ್ಕೊಂಡು ಸುಮ್ಮನಾದೆ."

"ಸಾರಿ ತಾತ. ಶನಿವಾರ ಮತ್ತೆ ಎಲ್ರೂ ಸೇರ್ತಾರೆ. ನೀನೂ ಬಾ, ಪ್ಲೀಸ್."

"ನೋಡೋಣ ಮಗಾ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಶನಿವಾರ ಸುನ್ನಿವಾ ಮಂಡಿಯೂರಿ ಒಂದೊಂದೇ ಬೇರು ಎಳೆದಳು. ದಾರಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ತಲೆ ಎತ್ತಿದಳು. ಪ್ರತಿ ಸಲವೂ ಬೇರೆ ಯಾರೋ.

ಸಂಜೆಯಾಗುತ್ತ ಅವಳು ಸಾಲಿನ ಆ ತುದಿಗೆ ಬಂದಳು. ತಾತ ಕೆಲಸ ಮಾಡಿದ್ದ ಜಾಗ. ಅಲ್ಲಿ ಮಣ್ಣು ಕಪ್ಪಗೆ, ನುಣ್ಣಗೆ ಇತ್ತು. ಒಂದು ಎಳೆ ಹುಲ್ಲೂ ಇರಲಿಲ್ಲ.

ಇಷ್ಟು ದೂರ ಯಾರೂ ನಡೆದುಬಂದು ನೋಡಿರಲೇ ಇಲ್ಲ.