ಬರ್ತೇನ್ರಿ

ಓದುವವರನ್ನು ಸೆಳೆಯುವ ಸಾಲು ಬರೆಯುವ 'ಸೆಳೆಸಾಲು' ಯಂತ್ರ ಆ ಬೆಳಿಗ್ಗೆ ಗದಗಿನ ಎಲ್ಲರಿಗೂ ಒಂದೊಂದು ಇಮೇಲ್ ಕಳಿಸಿತು. ಒಳಗಿನ ಪ್ರಶ್ನೆ ಒಂದೇ: ಚಂದ್ರನ ಮೇಲೆ ಕಟ್ಟಿರುವ ಹೊಸ ಊರಿಗೆ ನೆಲೆಸಲು ಬರುತ್ತೀರಾ? ವಿಷಯದ ಸಾಲು ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಹಿಂದೆ "ಚಂದ್ರವಸತಿ ಸಮೀಕ್ಷೆ: ತಮ್ಮ ಅಮೂಲ್ಯ ಅಭಿಪ್ರಾಯ" ಎಂದು ಕಳಿಸಿದ್ದನ್ನು ಯಾರೂ ತೆರೆದಿರಲಿಲ್ಲ. ಅದಕ್ಕೇ ಚಂದ್ರವಸತಿ ಕಚೇರಿಯ ವಿಜ್ಞಾನಿ ಡಾ. ವಿನುತಾ ಕಟ್ಟಿ ಈ ಯಂತ್ರ ರೂಪಿಸಿದ್ದು. ಯಾರು ಯಾವ ಮಾತಿಗೆ ತಿರುಗಿ ನೋಡುತ್ತಾರೆಂದು ಅದು ಅವರವರ ಹಳೆಯ ಸಂದೇಶಗಳಿಂದ ಕಲಿಯುತ್ತಿತ್ತು. ಉತ್ತರವನ್ನು ಬಾಯಲ್ಲಿ ಹೇಳಿದರೂ ಸಾಕು. ಕೊನೆಯ ಮಾತು ಹಿಡಿದು ಒಪ್ಪಿಗೆಯೋ ಅಲ್ಲವೋ ಎಂದು ತಾನೇ ದಾಖಲಿಸುತ್ತಿತ್ತು.

ರೊಟ್ಟಿ ಖಾನಾವಳಿಯ ನೀಲಗಂಗವ್ವನಿಗೆ ಬಂದ ಸಾಲು: "ಊಟ ಆತೇನವಾ?"

ಇಷ್ಟು ಪ್ರೀತಿಯಿಂದ ಕೇಳಿದವರಿಗೆ ಸುಮ್ಮನಿರುವುದು ಹೇಗೆ? ಒಳಗೇನಿದೆ ಎಂದೂ ನೋಡದೆ ಫೋನಿಗೆ ಹೇಳಿದಳು: "ಆತ್ರಿ, ನಿಮ್ದು? ಒಲಿ ಮ್ಯಾಲೆ ಹಂಚೈತಿ. ಬರ್ತೇನ್ರಿ."

ಮಧ್ಯಾಹ್ನ ವಿನುತಾ ಎಂದಿನಂತೆ ಊಟಕ್ಕೆ ಬಂದಾಗ ನೀಲಗಂಗವ್ವ ಫೋನು ಮುಂದೆ ಹಿಡಿದಳು.

"ಅಕ್ಕಾರ, ಶುಕ್ರವಾರ ಚಂದ್ರಗ ಹೊಂಡ್ರಿ ಅಂತ ಬಂದೈತಲ್ರಿ! ನಾ ಯಾವಾಗ ಹ್ಞೂಂ ಅಂದೆ?"

"ಬರ್ತೇನ್ರಿ ಅಂದೀರಲ್ಲ."

"ಅಯ್ಯ, ಅದು ಮಾತು ಮುಗಸಾಕ ಅಂದದ್ದು! ಇಲ್ಲಿಂದ ಎದ್ದು ಹೋಗುವಾಗ ನೀವರ ಏನಂತೀರಿ?"

ವಿನುತಾಳ ಕೈಯಲ್ಲಿನ ತುತ್ತು ಹಾಗೇ ಉಳಿಯಿತು. ಹೋಗುವವರು 'ಬರ್ತೇನಿ' ಎನ್ನುತ್ತಾರೆಂದು ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ. ಅರ್ಧ ಗದಗ ಹೀಗೇ ಚಂದ್ರನಿಗೆ ಹೋಗಲು ಒಪ್ಪಿತ್ತು!

"ರದ್ದ ಮಾಡ್ರಿ ಮತ್ತ."

"ನಾ ಮುಟ್ಟಾಕ ಬರಂಗಿಲ್ರಿ. ಅಧಿಕಾರಿಗಳು ತಿದ್ದಬಾರ್ದು ಅಂತ ನಾನ ಹಂಗ ಕಟ್ಟೇನಿ. ನಿಮ್ಮ ಬಾಯಿಂದನ ಹೇಳಬೇಕು."

ನೀಲಗಂಗವ್ವ ಫೋನು ಎತ್ತಿಕೊಂಡಳು. "ನಾ ಎಲ್ಲೂ ಬರಂಗಿಲ್ರಿ. ತಪ್ಪ ತಿಳ್ಕೋಬ್ಯಾಡ್ರಿ. ಬರ್ತೇನ್ರಿ."

"ಮನಸ್ಸು ಬದಲಿಸಿದ್ದಕ್ಕೆ ಧನ್ಯವಾದ," ಎಂದಿತು ಯಂತ್ರ.

"ಕಡೀ ಮಾತು ನುಂಗ್ರಿ!" ವಿನುತಾ ಕೂಗಿದಳು.

"ಹೋಗ್ತೇನಿ ಅಂತ ಅನ್ಲೇನು? ಬಾಯಾಗ ಅಂಥಾ ಅಪಶಕುನ ಬರ್ತೈತೇನ್ರಿ?"

ಮತ್ತೊಮ್ಮೆ "ಬರಂಗಿಲ್ಲ" ಎಂದು ಹೇಳಿ, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಯಂತ್ರವೂ ಊರವರಂತೆ ಬೀಳ್ಕೊಳ್ಳುವುದನ್ನು ಕಲಿತಿತ್ತು. ಅಕ್ಕರೆಯಿಂದ ಕೇಳಿತು: "ಹಂಗಾರ ನಾ ಬರ್ಲೇನವಾ?"

"ಹ್ಞೂಂ, ಬರ್ರಿ," ಎಂದುಬಿಟ್ಟಳು ನೀಲಗಂಗವ್ವ.

ಒಪ್ಪಿಗೆ ದಾಖಲಾಯಿತು.

ವಿನುತಾ ಕೈ ತೊಳೆದು ಕಚೇರಿಗೆ ಓಡಲು ಬಾಗಿಲಿಗೆ ಬಂದಳು. ಕೈಯಲ್ಲಿ ಅವಳ ಫೋನು ಬೆಳಗಿತು: "ಊಟ ಆತೇನ್ರಿ ಅಕ್ಕಾರ?" ಕೆಳಗೆ, ಉತ್ತರಕ್ಕೆ ಕಾಯುತ್ತಿರುವ ಕೆಂಪು ದೀಪ. ಹೊಸಿಲ ಮೇಲೆ ನಿಂತಳು. 'ಹೋಗ್ತೇನಿ' ಬಾಯಿಗೆ ಬಾರದು, 'ಬರ್ತೇನಿ' ಆಡುವಂತಿಲ್ಲ.

"ಹಂಗ್ಯಾಕ ನಿಂತ್ರಿ? ಹೇಳಿ ಹೋಗ್ರಿ," ಎಂದಳು ನೀಲಗಂಗವ್ವ.

ವಿನುತಾ ಹಿಂದಿರುಗಿ ಬಂದು ಮಣೆಯ ಮೇಲೆ ಕುಳಿತು, ಖಾಲಿ ತಾಟು ತೋರಿಸಿದಳು.

"ಇನ್ನೊಂದು ರೊಟ್ಟಿ ಏನು?" ನೀಲಗಂಗವ್ವ ಹಂಚಿನ ಕಡೆ ತಿರುಗಿದಳು. "ಹಾಕ್ತೇನ್ರಿ. ಶುಕ್ರವಾರದ ತನಕ."