ಕರಡಿಗೊಂದು ಗುಬ್ಬಿಯ ಅಂಗಿ

ಬಹಳ ಬಹಳ ಹಿಂದೆ, ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಚಿತ್ತಾರಪುರ ಎಂಬ ರಾಜ್ಯವಿತ್ತು. ಅಲ್ಲಿ ಕೂಸಿಗೆ ಹೆಸರಿಡುವ ದಿನ ಒಂದು ಅಂಗಿ ತೊಡಿಸುತ್ತಿದ್ದರು. ಅಂಗಿಯ ಮೇಲೆ ಆ ಕೂಸಿಗೆಂದೇ ಮರದಲ್ಲಿ ಕೆತ್ತಿದ ಒಂದು ಚಿತ್ರದ ಅಚ್ಚು. ಒಬ್ಬರ ಚಿತ್ರ ಇನ್ನೊಬ್ಬರಿಗಿಲ್ಲ. ಮಗು ಬೆಳೆದಂತೆ ಅಂಗಿಯೂ ತಾನಾಗಿ ಬೆಳೆಯುತ್ತಿತ್ತು. ಚಿತ್ರ ಮಾತ್ರ ಇದ್ದಷ್ಟೇ ಇರುತ್ತಿತ್ತು.

ಆ ಊರಿನಲ್ಲಿ ಅಚ್ಚು ಹಾಕುವವಳು ಮಾಳವ್ವ ಎಂಬ ಹುಡುಗಿ. ಕೆಲಸದಲ್ಲಿ ಎತ್ತಿದ ಕೈ, ಆದರೆ ಒಂದು ಚಾಳಿ. ಯಾರಾದರೂ ಬಂದು "ಒಂದು ಹೂವು ಹಾಕಿಕೊಡವ್ವ" ಎಂದರೆ ಸಾಕು, ಶುರು ಮಾಡುತ್ತಿದ್ದಳು.

"ಯಾವ ಹೂವು? ಮೊಗ್ಗೋ, ಅರಳಿದ್ದೋ? ಎಷ್ಟು ಅಗಲ? ಯಾವ ಬಣ್ಣ? ಎದಿ ಮ್ಯಾಲೋ, ಬೆನ್ನ ಮ್ಯಾಲೋ?"

ಬಂದವರು ತಲೆ ಕೆರೆದುಕೊಳ್ಳುತ್ತಿದ್ದರು. "ಹೆಣ್ಣು ನೋಡಾಕ ಬಂದವ್ರೂ ಇಷ್ಟು ಕೇಳೂದಿಲ್ಲ ಬಿಡು" ಎಂದು ಗೊಣಗುತ್ತಿದ್ದರು. ಗೊಣಗಿದವರೇ ಕೂಸಿಗೆ ಅಂಗಿ ತೊಡಿಸಿ ಕನ್ನಡಿಯ ಮುಂದಿನಿಂದ ಅಲ್ಲಾಡುತ್ತಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದೇ ಬಟ್ಟೆಯ ಮೇಲೆ ಮೂಡಿರುತ್ತಿತ್ತು. ಹಾಗಾಗಿ ಊರವರು ಅವಳನ್ನು ಪ್ರೀತಿಯಿಂದಲೇ 'ಕೇಳೋ ಮಾಳವ್ವ' ಎಂದು ಕರೆಯುತ್ತಿದ್ದರು.

ಆ ರಾಜ್ಯದ ರಾಣಿ ಸೋಮಲಾದೇವಿ. ಗಂಡ ತೀರಿಹೋಗಿದ್ದ, ಇದ್ದವನು ಒಬ್ಬನೇ ಮಗ, ಇಂದುಶೇಖರ. ಸಿಂಹಾಸನದ ಮೇಲೆ ಕಣ್ಣಿಟ್ಟ ಒಬ್ಬ ಮಾಂತ್ರಿಕನಿದ್ದ. ಬೇಸಿಗೆಯಲ್ಲೂ ಕರಿಗಂಬಳಿ ಹೊದೆದೇ ಓಡಾಡುತ್ತಿದ್ದುದರಿಂದ ಅವನ ಹೆಸರೇ ಕರಿಗಂಬಳಿ. ರಾಜಕುಮಾರ ಚಿಕ್ಕವನಿದ್ದಾಗ ಕೊಳದ ದಡದಲ್ಲಿ ಅಂಗಿ ಬಿಚ್ಚಿಟ್ಟು ಈಜುತ್ತಿದ್ದ. ಕರಿಗಂಬಳಿ ಆ ಅಂಗಿ ಕದ್ದು, ಮಂತ್ರ ಹೇಳಿ ಸುಟ್ಟುಬಿಟ್ಟ. ನೀರಿಗೆ ಇಳಿದವನು ಹುಡುಗ, ಮೇಲೆ ಬಂದದ್ದು ಕರಡಿಮರಿ.

ಅಷ್ಟಕ್ಕೇ ಬಿಟ್ಟನೇ? ಆ ಅಂಗಿಯ ಚಿತ್ರ ಊರಿನ ಯಾರ ನೆನಪಿನಲ್ಲೂ ಉಳಿಯದಂತೆ ಮಂತ್ರ ಹಾಕಿದ. ಆಮೇಲೆ ಅರಮನೆಯ ಮೆಟ್ಟಿಲ ಮೇಲೆ ನಿಂತು ನಕ್ಕ.

"ಚಿತ್ರ ಕಾಡಿನ ಯಾಳಿಯ ಹತ್ತಿರ ಇದೆ. ಬಣ್ಣ ಮಡುವಿನ ಸರ್ಪದ ಹತ್ತಿರ ಇದೆ. ಅಂಗಿಯ ಮೇಲೆ ಅದು ಇದ್ದ ಜಾಗ ನಿನ್ನ ಹತ್ತಿರವೇ ಇದೆ ರಾಣಿ, ಇದ್ದರೂ ನಿನಗೆ ಸಿಗುವುದಿಲ್ಲ! ಅದೇ ಚಿತ್ರ, ಅದೇ ಬಣ್ಣ, ಅದೇ ಜಾಗದಲ್ಲಿ ಹಾಕಿ ತೊಡಿಸಿದರೆ ಮಗ ಮರಳಿ ಬರುತ್ತಾನೆ. ಒಂದು ತಪ್ಪಿದರೂ ಅವನು ನಿನ್ನನ್ನು ಮರೆತು ಕಾಡಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ."

ವೀರರು ಹೋದರು, ಮರಳಲಿಲ್ಲ. ಕರಡಿಮರಿ ದೊಡ್ಡ ಕರಡಿಯಾಯಿತು. ದಿನವೂ ಅರಮನೆಯ ಅಂಗಳದಲ್ಲಿ ಕೂತು ತಾಯಿಯ ಮುಖವನ್ನೇ ನೋಡುತ್ತಿತ್ತು. ಬರಬರುತ್ತಾ ನೋಡುವುದೂ ಕಡಿಮೆಯಾಯಿತು. ಒಂದು ದಿನ ತಾಯಿ ಕರೆದರೆ ತಿರುಗಲೇ ಇಲ್ಲ. ರಾಣಿಯ ಎದೆ ಒಡೆದುಹೋಯಿತು. ಅವಳು ಬರಿಗಾಲಲ್ಲಿ ಮಾಳವ್ವನ ಅಂಗಡಿಗೆ ನಡೆದು ಬಂದಳು.

"ಮಗಳೇ, ನನ್ನ ಮಗ ನನ್ನ ಮರಿಯಾಕ ಹತ್ಯಾನ. ಅವನಿಗೊಂದು ಅಂಗಿ ಮಾಡಿಕೊಡ್ತೀ?"

ಮಾಳವ್ವನ ಕಣ್ಣು ತುಂಬಿ ಬಂತು. "ಮಾಡಿಕೊಡ್ತೀನಿ ತಾಯಿ. ಆದ್ರ ಎಲ್ಲಾ ಕೇಳಿ ತಿಳ್ಕೊಂಡೇ ಮಾಡ್ತೀನಿ" ಎಂದಳು. ಬಣ್ಣಬಣ್ಣದ ಬಟ್ಟೆಚೂರುಗಳ ಗಂಟು ಕಟ್ಟಿಕೊಂಡು ಹೊರಟಳು.

ಕಾಡಿನ ಬಾಗಿಲಲ್ಲಿ ಕಲ್ಲಿನ ಯಾಳಿ ಕೂತಿತ್ತು. ಸಿಂಹದ ಮೈ, ಆನೆಯ ಸೊಂಡಿಲು. "ಊಹಿಸಿದವರನ್ನು ನುಂಗುತ್ತೇನೆ, ಕೇಳಿದವರಿಗೆ ಹೇಳುತ್ತೇನೆ" ಎಂದು ಗುಡುಗಿತು.

"ಹಂಗಾದ್ರ ಕೇಳ್ತೀನಿ. ಚಿತ್ರ ಏನದು?"

"ಹಕ್ಕಿ."

ಹಿಂದೆ ಬಂದ ವೀರರು ಇಷ್ಟಕ್ಕೇ "ರಾಜನ ಮಗ ಅಂದಮೇಲೆ ಗರುಡನೇ!" ಎಂದು ಕೂಗಿ ಹೊಟ್ಟೆ ಸೇರಿದ್ದರು. ಮಾಳವ್ವ ಕೂಗಲಿಲ್ಲ.

"ಯಾವ ಹಕ್ಕಿ?"

"ಗುಬ್ಬಿ."

"ಕುಂತೈತೋ, ಹಾರತೈತೋ?"

"ಕೂತಿದೆ."

"ಮುಖ ಎತ್ತ ಐತಿ?"

"ಹಿಂದಕ್ಕೆ ತಿರುಗಿ ಯಾರನ್ನೋ ನೋಡುತ್ತಿದೆ."

"ಬಾಯಾಗ ಏನರೆ ಐತೇನು?"

ಯಾಳಿ ಸೊಂಡಿಲು ಇಳಿಸಿತು. "ಒಂದು ಹುಲ್ಲುಕಡ್ಡಿ ಇದೆ. ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ತಾಯಿ" ಎಂದು ದಾರಿ ಬಿಟ್ಟಿತು.

ಕಾಡಿನ ನಡುವೆ ಮಡು. ಮಡುವಿನಲ್ಲಿ ಏಳು ಹೆಡೆಯ ಸರ್ಪ. "ಊಹಿಸಿದವರನ್ನು ನುಂಗುತ್ತೇನೆ, ಕೇಳಿದವರಿಗೆ ಹೇಳುತ್ತೇನೆ" ಎಂದು ಬುಸುಗುಟ್ಟಿತು.

"ಗುಬ್ಬಿಯ ಬಣ್ಣ ಯಾವುದು?"

"ಕೆಂಪು."

"ಯಾವ ಕೆಂಪು?"

"ಕೆಂಪು ಅಂದರೆ ಕೆಂಪು!" ಸರ್ಪಕ್ಕೂ ಸಿಟ್ಟು ಬಂತು. ಗಿರಾಕಿಗಳೆಲ್ಲ ಒಂದೇ ಜಾತಿ ನೋಡಿ.

ಮಾಳವ್ವ ನಕ್ಕು ಗಂಟು ಬಿಚ್ಚಿದಳು. ಕುಂಕುಮದ ಕೆಂಪು ತೋರಿಸಿದಳು, ಸರ್ಪ ತಲೆಯಾಡಿಸಲಿಲ್ಲ. ಇಟ್ಟಿಗೆಯ ಕೆಂಪು ತೋರಿಸಿದಳು, ಅದಕ್ಕೂ ಇಲ್ಲ. ದಾಳಿಂಬೆಯ ಕೆಂಪು ತೋರಿಸಿದಾಗ ಏಳು ಹೆಡೆಗಳೂ ಹತ್ತಿರ ಬಂದವು.

"ಇದೇ. ಆದರೆ ಇಷ್ಟು ಹೊಸದಲ್ಲ. ಆ ತಾಯಿ ಮಗನ ಅಂಗಿಯನ್ನು ಆಳುಗಳ ಕೈಗೆ ಕೊಡುತ್ತಿರಲಿಲ್ಲ. ತಾನೇ ಒಗೆದು ಒಗೆದು ಬಣ್ಣ ತಿಳಿಯಾಗಿತ್ತು."

ಮಾಳವ್ವ ಅಲ್ಲೇ ಕೂತು ಆ ಚೂರನ್ನು ಒಗೆದಳು, ತೋರಿಸಿದಳು. ಮತ್ತೆ ಒಗೆದಳು, ಮತ್ತೆ ತೋರಿಸಿದಳು. ಕೊನೆಗೆ ಸರ್ಪ "ಸಾಕು, ಇದೇ" ಎಂದು ನೀರಿಗಿಳಿಯಿತು.

ಊರಿಗೆ ಬಂದು ರಾಣಿಯನ್ನು ಕೇಳಿದಳು. "ಗುಬ್ಬಿ ಎಷ್ಟು ಅಗಲ ಇತ್ತು ತಾಯಿ?"

"ಅಂಗೈ ಅಗಲ."

"ಯಾರ ಅಂಗೈ?"

ರಾಣಿ ತನ್ನ ಅಂಗೈ ನೋಡಿಕೊಂಡಳು. "ನಂದೇ ಇರಬೇಕು. ಏನೋ ಒಂದು ಇದರ ಅಡಿಯೊಳಗ ಬೆಚ್ಚಗ ಇರ್ತಿತ್ತು ಅನಸ್ತದ."

ಮಾಳವ್ವ ಆ ಅಂಗೈಯ ಸುತ್ತ ಇದ್ದಿಲಿನಿಂದ ಗೆರೆ ಎಳೆದಳು. ಅಷ್ಟೇ ಅಗಲಕ್ಕೆ ಗುಬ್ಬಿಯನ್ನು ಕೆತ್ತಿದಳು. ಕರಡಿಯ ಅಳತೆಗೆ ಅಂಗಿ ಹೊಲಿಸಿದಳು. ಅಳತೆ ತೆಗೆದುಕೊಂಡ ದರ್ಜಿ ಮೂರ್ಛೆ ಹೋಗದೆ ಉಳಿದದ್ದೇ ಪುಣ್ಯ.

ಅಂಗಳದಲ್ಲಿ ಹಲಗೆ ಹಾಸಿ ಅಂಗಿ ಹರಡಿದರು. ಜನ ಸೇರಿತು. ಕರಡಿ ಮೂಲೆಯಲ್ಲಿ ಕಾಡಿನ ಕಡೆ ಮುಖ ಮಾಡಿ ಕೂತಿತ್ತು. "ಯಾವ ಜಾಗ ತಾಯಿ?" ಎಂದು ಮಾಳವ್ವ ಕೇಳಿದಳು.

"ಎಡಗಡಿ ಎದಿ ಮ್ಯಾಲ" ಎಂದಳು ರಾಣಿ.

ಗುಂಪಿನಿಂದ ಕಂಬಳಿ ಹೊದ್ದ ಒಬ್ಬ ಮುದುಕ ಮುಂದೆ ಬಂದ. "ಎಡಗಡಿನ ಅಲ್ಲೇನು ಮತ್ತ? ಹೃದಯ ಇರೂದ ಅಲ್ಲಿ. ಲಗೂನ ಹಾಕವ್ವ, ಕರಡಿ ಕಾಡಿಗಿ ಹೊಂಟೈತಿ ನೋಡು!"

ಕರಡಿ ನಿಜವಾಗಿಯೂ ಎದ್ದು ನಿಂತಿತ್ತು. ಜನ "ಹಾಕು, ಹಾಕು" ಎಂದರು. ಮಾಳವ್ವ ಅಚ್ಚನ್ನು ಬಣ್ಣದಲ್ಲಿ ಅದ್ದಿ ಅಂಗಿಯ ಎಡ ಎದೆಯ ಮೇಲೆ ಎತ್ತಿ ಹಿಡಿದಳು. ಒತ್ತಬೇಕು, ಅಷ್ಟರಲ್ಲಿ ಅವಳ ಕೈ ನಿಂತಿತು. ಇಂಥ ಸೆಕೆಯಲ್ಲಿ ಈ ಮುದುಕನಿಗೆ ಕಂಬಳಿ ಏಕೆ? ಇವನಿಗೆ ಇಷ್ಟು ಅವಸರವೇಕೆ? ತಾನು ಕೇಳದೆ ಬಿಟ್ಟದ್ದು ಏನು?

"ತಾಯಿ," ಎಂದಳು, "ಯಾರ ಎಡ? ತೊಟ್ಟವರ ಎಡವೋ, ನೋಡುವವರ ಎಡವೋ?"

ರಾಣಿ ತನ್ನ ಎರಡೂ ಕೈ ನೋಡಿಕೊಂಡಳು. "ಅವ ನನ್ನ ಕಡೆ ಓಡಿ ಬರ್ತಿದ್ದ... ಎಡಕ್ಕ ಕಾಣ್ತಿತ್ತು... ನನಗ ಗೊತ್ತಾಗವಲ್ದು ಮಗಳೇ!" ಎಂದು ಅತ್ತಳು.

"ನೆನಪಿಗೆ ಬರದಿದ್ರ ಬಿಡ್ರಿ. ನಿಮ್ಮ ಕೈಯನ್ನ ಕೇಳೋಣ. ಅವನನ್ನ ಹೆಂಗ ಮಲಗಿಸ್ತಿದ್ರಿ?"

ರಾಣಿ ನೆಲದ ಮೇಲೆ ಕಾಲು ಮಡಚಿ ಕೂತಳು. ಮಾಳವ್ವ ಕರಡಿಯ ಕಿವಿ ಹಿಡಿದು, ಬೆನ್ನು ಸವರಿ, ಹೇಗೋ ಕರೆತಂದಳು. ಅಷ್ಟು ದೊಡ್ಡ ಪ್ರಾಣಿ ರಾಣಿಯ ತೊಡೆಯ ಮೇಲೆ ತಲೆ ಇಟ್ಟು ಅಡ್ಡಲಾಗಿ ಮಲಗಿತು. ರಾಣಿ ಕಣ್ಣು ಮುಚ್ಚಿ ಹಳೆಯ ಲಾಲಿ ಗುನುಗಿದಳು. ಅವಳ ಕೈ ತಾನಾಗಿ ಎದ್ದು ಕರಡಿಯ ಎದೆಯ ಮೇಲೆ ಇಳಿಯಿತು. ಕರಡಿಯ ಬಲಗಡೆ.

ನೆನಪು ಕದ್ದವನಿಗೆ ತಾಯಿಯ ಕೈಯನ್ನು ಕದಿಯಲು ಆಗಿರಲಿಲ್ಲ.

ಮಾಳವ್ವ ಅಂಗಿಯ ಬಲ ಎದೆಯ ಮೇಲೆ ಅಚ್ಚು ಒತ್ತಿದಳು. ಬಿಸಿಲಿಗೆ ಬಣ್ಣ ಆರಿತು. ಅಂಗಿ ತೊಡಿಸಿದರು. ಕೂದಲು ಉದುರಿತು, ಉಗುರು ಉದುರಿತು, ರಾಣಿಯ ತೊಡೆಯ ಮೇಲೆ ಎಳೆ ಮೀಸೆಯ ಒಬ್ಬ ಹುಡುಗ ಮಲಗಿದ್ದ. ಕಣ್ಣು ಬಿಡದೆಯೇ ಅವನು ಹೇಳಿದ.

"ಅವ್ವಾ, ಕೈ ತೆಗೀಬ್ಯಾಡ."

ಅಂಗಳದಲ್ಲಿ ಅಳದೆ ಇದ್ದವರು ಯಾರೂ ಇಲ್ಲ. ಮುದುಕನ ವೇಷದ ಕರಿಗಂಬಳಿಯ ಕಂಬಳಿ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಒಂದೊಂದು ಎಳೆಯೂ ಒಂದೊಂದು ಕದ್ದ ನೆನಪಾಗಿ ಹಾರಿ, ಯಾರ ನೆನಪೋ ಅವರ ತಲೆ ಸೇರಿತು. ಒಳಗಿದ್ದವನು ಆ ಸೆಕೆಯಲ್ಲೂ ಚಳಿಯಿಂದ ನಡುಗುವ ಬಡಕಲು ಮನುಷ್ಯ, ಮಂತ್ರ ಒಂದೂ ಬಾಯಿಗೆ ಬರಲಿಲ್ಲ. ಅವನು ಓಡಿದ ದಾರಿಯಲ್ಲೇ, ಯಾಳಿ ಉಗುಳಿದ ವೀರರು ನಾಚಿಕೊಂಡು ಊರಿಗೆ ಬಂದರು.

ರಾಜಕುಮಾರ ಮಾಳವ್ವನನ್ನು ಮದುವೆಯಾದನೇ ಎಂದು ಕೇಳುತ್ತೀರಿ. ಆದ. ಆದರೆ ಒಪ್ಪುವ ಮೊದಲು ಅವಳು ಕೇಳಬೇಕಾದ್ದನ್ನೆಲ್ಲ ಕೇಳಿದಳು, ಪಾಪ, ಅವನು ಮಳೆಗಾಲ ಪೂರ್ತಿ ಉತ್ತರ ಹೇಳುತ್ತಲೇ ಇದ್ದ. ಆಮೇಲೆ ಮಗು ಹುಟ್ಟಿತು, ರಾಜ್ಯವೆಲ್ಲ ಸುಖವಾಗಿತ್ತು.

ಹೆಸರಿಡುವ ದಿನ ಮಾಳವ್ವ ಪುಟ್ಟ ಅಂಗಿಯನ್ನು ಕೂಸಿನ ಮೇಲೆ ಹರಡಿ ಅತ್ತೆಯ ತೊಡೆಯಲ್ಲಿ ಮಲಗಿಸಿದಳು. ಮುದಿ ರಾಣಿಯ ಕೈ ತಾನಾಗಿ ಬಂದು ಮೊಮ್ಮಗಳ ಎದೆಯ ಮೇಲೆ ಕೂತಿತು. ಕೇಳೋ ಮಾಳವ್ವ ಅಂದು ಏನನ್ನೂ ಕೇಳಲಿಲ್ಲ. ಇದ್ದಿಲು ತೆಗೆದುಕೊಂಡು ಆ ಕೈಯ ಸುತ್ತ ಗೆರೆ ಎಳೆದಳು.